ಮೊದಲ ಅರ್ಧ ಗಂಟೆ ಗಾಳ ಮುಟ್ಟಬಾರದು

ನಮ್ಮ ಭಾವನ ದೋಣಿಯಲ್ಲಿ ಒಂದು ನಿಯಮ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೀರಿಗಿಳಿದ ಮೊದಲ ಅರ್ಧ ಗಂಟೆ ಯಾರೂ ಗಾಳ ಮುಟ್ಟುವ ಹಾಗಿಲ್ಲ. ನಾಲ್ಕೂವರೆಗೆ ಎದ್ದು, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು, ಕತ್ತಲಲ್ಲೇ ದೋಣಿ ಇಳಿಸಿರುತ್ತೇವೆ. ಕೈ ತುರಿಸುತ್ತಿರುತ್ತದೆ. ಭಾವ ಮಾತ್ರ ನೀರೊಳಗಿನ ಮೀನು, ತಳ ತೋರಿಸುವ ಸೋನಾರ್ ಪರದೆಯ ಮುಂದೆ ಕೂತುಬಿಡುತ್ತಾರೆ. ದೋಣಿ ಎತ್ತಿನ ಗಾಡಿ ಥರ ನಿಧಾನ ಹೋಗುತ್ತಿರುತ್ತದೆ. ಮಾತಿಲ್ಲ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುತ್ತಾರೆ. ಮೇಲಿನ ನೀರಿನ ಬಿಸಿ ಎಷ್ಟು, ಗೆರೆ ಎಷ್ಟು ಅಡಿಯಲ್ಲಿದೆ, ಸಣ್ಣ ಮೀನಿನ ಹಿಂಡು ಎಲ್ಲಿದೆ, ದೊಡ್ಡದು ಅದರ ಮೇಲಿದೆಯೋ ಕೆಳಗೋ.

ಮೊದಲೆರಡು ಬೇಸಿಗೆ ನನಗೆ ಇದು ದೊಡ್ಡ ಹಿಂಸೆ. ವಾರವಿಡೀ ಕಂಪ್ಯೂಟರ್ ಪರದೆ ನೋಡುವವನು ಭಾನುವಾರವೂ ಪರದೆ ನೋಡಬೇಕಾ ಅನ್ನಿಸುತ್ತಿತ್ತು. ನನ್ನ ಪೆಟ್ಟಿಗೆಯಲ್ಲಿ ಅಷ್ಟು ಹೊತ್ತಿಗೆ ಮೂವತ್ತು ನಲವತ್ತು ಥರದ ಗಾಳ ಸೇರಿದ್ದವು. ಯಾರೋ ವಿಡಿಯೊದಲ್ಲಿ ಬೇಸಿಗೆಗೆ ಇದೇ ಬೆಸ್ಟ್ ಅಂದರೆ ಅದು ಬಂತು, ಇನ್ಯಾರೋ ಅದಲ್ಲ ಇದು ಅಂದರೆ ಅದೂ ಬಂತು. ದೋಣಿ ಹತ್ತಿದ ಕೂಡಲೇ ಪೆಟ್ಟಿಗೆ ತೆಗೆದು, "ಭಾವ, ಇವತ್ತು ಯಾವುದು ಹಾಕಲಿ?" ಅನ್ನುತ್ತಿದ್ದೆ. ಅವರ ಉತ್ತರ ಪ್ರತಿಸಲ ಒಂದೇ. "ಎಷ್ಟು ಅಡಿಗೆ?"

ಈಗ ನಮ್ಮ ಕಡೆಯ ಹುಡುಗರು ನನ್ನನ್ನು ಅದೇ ಪ್ರಶ್ನೆ ಕೇಳುತ್ತಾರೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕೆ, ಕಮಿಂಗ್ ಊರಿನ ಸುತ್ತಮುತ್ತ ಕನ್ನಡದವರು ಜಾಸ್ತಿ. ಮನೆಯಿಂದ ಹತ್ತು ನಿಮಿಷಕ್ಕೆ ಲೇನಿಯರ್ ಕೆರೆ. ಬೇಲಿಯಾಚೆ ಇಷ್ಟು ದೊಡ್ಡ ನೀರು ಇದ್ದರೆ ಒಂದಲ್ಲ ಒಂದು ದಿನ ಗಾಳ ಕೊಳ್ಳುವ ಆಸೆ ಬಂದೇ ಬರುತ್ತದೆ. ಏಪ್ರಿಲ್‌ನಲ್ಲಿ ದಂಡೆಯಲ್ಲಿ ನಿಂತು ಎಸೆದರೂ ಬಾಸ್ ಅನ್ನುವ ಮೀನು ಸಿಗುತ್ತದೆ. ಜುಲೈ ಬಂತು ಅಂದರೆ ದಂಡೆ ಖಾಲಿ. ಆಗ ಫೋನ್ ಬರುತ್ತದೆ. "ಅಣ್ಣಾ, ಮೀನೆಲ್ಲ ಆಳಕ್ಕೆ ಹೋಗಿವೆಯಂತೆ, ಯಾವ ಗಾಳ ತಗೊಳ್ಳಲಿ?" ಅದಕ್ಕೆ ಒಂದು ಸಾಲಿನ ಉತ್ತರ ಕೊಡಲು ನನಗೆ ಆಗುವುದಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಬಾವಿಯಲ್ಲಿ ಕಾಲಿಗೆ ಗೊತ್ತಾಗಿದ್ದು

ತಿಪಟೂರಿನ ಕಡೆ ತೋಟದ ಬಾವಿಯಲ್ಲಿ ಈಜು ಕಲಿತವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಏಪ್ರಿಲ್ ಮೇ ತಿಂಗಳು, ಪರೀಕ್ಷೆ ಮುಗಿದಿರುತ್ತದೆ. ಬೆನ್ನಿಗೆ ಬೆಂಡು ಕಟ್ಟಿ ಅಜ್ಜ ನೀರಿಗೆ ಬಿಡುತ್ತಿದ್ದರು. ಬೆಂಡು ಕಟ್ಟಿಕೊಂಡು ಮೇಲೇ ತೇಲುವಾಗ ನೀರು ಬೆಚ್ಚಗೆ, ಸ್ನಾನದ ಹಂಡೆಯ ನೀರಿನ ಹಾಗೆ. ಬೆಂಡು ಬಿಚ್ಚಿದ ವರ್ಷ ಮೊದಲ ಸಲ ಮೇಲಿನ ಕಲ್ಲಿನಿಂದ ಧುಮುಕಿದೆ. ಒಂದಾಳು ಇಳಿದಿರಬೇಕು, ಕಾಲು ಸರಕ್ಕನೆ ಬೇರೆ ನೀರಿಗೆ ಹೋದ ಹಾಗಾಯಿತು. ಮೂಳೆ ಕೊರೆಯುವ ತಣ್ಣಗೆ. ಎದೆಯ ಹತ್ತಿರ ಬೇಸಿಗೆ, ಪಾದದ ಹತ್ತಿರ ಮಾಗಿ ಚಳಿ. ಎರಡರ ನಡುವೆ ಒಂದು ಗೆರೆ ಎಳೆದಷ್ಟು ಸ್ಪಷ್ಟ. ಹೆದರಿ ಮೇಲೆ ಬಂದವನೇ ಅಜ್ಜನಿಗೆ ಹೇಳಿದೆ. "ಬಿಸಿನೀರು ಹಗುರ ಕಣಪ್ಪಾ, ತಣ್ಣೀರು ಭಾರ. ಅದರ ಪಾಡಿಗೆ ಅದು ಕೆಳಗೆ ಕೂತಿರ್ತದೆ" ಅಂದರು. ಅಷ್ಟೇ ಹೇಳಿ ಬೀಡಿ ಹಚ್ಚಿದರು.

ಲೇನಿಯರ್ ಕೆರೆಯಲ್ಲಿ ಆಗುವುದೂ ಅದೇ, ಅಳತೆ ಮಾತ್ರ ದೊಡ್ಡದು. ಚಟ್ಟಾಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿ 1950ರ ದಶಕದ ಕೊನೆಗೆ ತುಂಬಿಸಿದ ಕೆರೆ ಇದು. ಸುಮಾರು 38,000 ಎಕರೆ. ಅಣೆಕಟ್ಟಿನ ಹತ್ತಿರ ನೂರೈವತ್ತು ಅಡಿಗೂ ಮೀರಿದ ಆಳ. ಜುಲೈನಲ್ಲಿ ಮೇಲಿನ ನೀರು 29, 30 ಡಿಗ್ರಿ ಮುಟ್ಟುತ್ತದೆ. ಗಾಳಿ ಬೀಸಿ ಕಲಕುವಷ್ಟು ಆಳದವರೆಗೆ ಆ ಬಿಸಿ ಇರುತ್ತದೆ. ಅದರ ಕೆಳಗೆ ಕೆಲವೇ ಅಡಿಗಳಲ್ಲಿ ನೀರು ಗಬಕ್ಕನೆ ತಣ್ಣಗಾಗುತ್ತದೆ. ಈ ಪಟ್ಟಿಗೆ ಥರ್ಮೋಕ್ಲೈನ್ ಅನ್ನುತ್ತಾರೆ. ನಡು ಬೇಸಿಗೆಯಲ್ಲಿ ಇಲ್ಲಿ ಅದು ಸುಮಾರು 25ರಿಂದ 35 ಅಡಿಯ ನಡುವೆ ಇರುತ್ತದೆ. ಸೋನಾರ್‌ನ ಸೂಕ್ಷ್ಮತೆ ಸ್ವಲ್ಪ ಏರಿಸಿದರೆ ಪರದೆಯ ಮೇಲೆ ಮಸುಕು ಮಸುಕಾದ ಅಡ್ಡಗೆರೆ ಕಾಣುತ್ತದೆ. ಭಾವ ಮೊದಲ ಅರ್ಧ ಗಂಟೆ ಹುಡುಕುವುದು ಆ ಗೆರೆಯನ್ನೇ.

ಕೆಳಗಿನ ತಣ್ಣೀರನ್ನು ಕೈಯಾರೆ ಮುಟ್ಟಿ ನೋಡಬೇಕು ಅಂದರೆ ಅಣೆಕಟ್ಟಿನ ಕೆಳಗೆ ಹೋಗಬೇಕು. ಬ್ಯೂಫರ್ಡ್ ಅಣೆಕಟ್ಟು ನೀರು ಬಿಡುವುದು ತಳದ ಕಡೆಯಿಂದ. ಹಾಗಾಗಿ ಸುಡುವ ಜುಲೈನಲ್ಲೂ ನದಿ 10 ಡಿಗ್ರಿ ಆಸುಪಾಸಿನಲ್ಲೇ ಹರಿಯುತ್ತದೆ. ಹಿಮದ ನಾಡಿನ ಟ್ರೌಟ್ ಮೀನು ಜಾರ್ಜಿಯಾದ ಈ ಬಿಸಿಲಿನಲ್ಲಿ ಬದುಕಿರುವುದು ಅದರಿಂದಲೇ. ನನ್ನ ಮಗಳು ಒಂದು ಸಲ ಮಂಡಿಯವರೆಗೆ ಇಳಿದವಳು ಎರಡೇ ನಿಮಿಷಕ್ಕೆ ಕಿರುಚಿಕೊಂಡು ಮೇಲೆ ಬಂದಳು. ಅದೇ ದಿನ ಬೆಳಿಗ್ಗೆ ಅಣೆಕಟ್ಟಿನ ಈಚೆಗೆ, ಕೆರೆಯ ಬೆಚ್ಚನೆ ನೀರಿನಲ್ಲಿ ಆಡಿದ್ದಳು. ಒಂದೇ ಕೆರೆಯ ಎರಡು ನೀರು.

ಹಾಗಿದ್ದರೆ ಬಾಸ್ ಎಲ್ಲ ತಳದ ತಂಪಿಗೆ ಹೋಗಿ ಮಲಗಬೇಕಿತ್ತಲ್ವಾ? ನಾನೂ ಹಾಗೇ ಅಂದುಕೊಂಡು ಮೊದಲ ಬೇಸಿಗೆ ಇಡೀ 60 ಅಡಿಗೆ ಗಾಳ ಇಳಿಸಿ ಕೂತಿದ್ದೆ. ಒಂದೂ ಮೂಸಲಿಲ್ಲ. ಯಾಕೆಂದರೆ ಕೆಳಗಿನ ನೀರಿಗೆ ಗಾಳಿ ಸೋಕುವುದಿಲ್ಲ, ಬೆಳಕು ಹೋಗುವುದಿಲ್ಲ. ತಳಕ್ಕೆ ಬಿದ್ದ ಎಲೆ ಕಡ್ಡಿ ಕೊಳೆಯುತ್ತಾ ಇರುವ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಬೇಸಿಗೆಯ ಶುರುವಿನಲ್ಲಿ ಸ್ವಲ್ಪ ಉಳಿದಿರುತ್ತದೆ, ಬರುಬರುತ್ತಾ ಅದೂ ಇಳಿಯುತ್ತದೆ. ಮೇಲೆ ಬಿಸಿ, ಕೆಳಗೆ ಉಸಿರಿಲ್ಲ. ಹಾಗಾಗಿ ಮೀನು ಗೆರೆಯ ಮೇಲ್ಮಗ್ಗುಲಿಗೆ ಬಂದು ನಿಲ್ಲುತ್ತದೆ. ಬೇಸಿಗೆಯ ಬಾಸ್ ಆಳಕ್ಕೆ ಹೋಗುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ಒಂದು ಮಟ್ಟದವರೆಗೆ ಹೋಗುತ್ತದೆ, ಅಲ್ಲಿಂದ ಕೆಳಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಕೆರೆಯ ನೂರೈವತ್ತು ಅಡಿಯಲ್ಲಿ ನೂರಕ್ಕೂ ಹೆಚ್ಚು ಅಡಿ ಲೆಕ್ಕಕ್ಕೇ ಇಲ್ಲ. ಇದು ತಿಳಿದ ದಿನ ನನ್ನ ಪೆಟ್ಟಿಗೆಯಲ್ಲಿ ಅರ್ಧದಷ್ಟು ಸಾಮಾನು ಬೇಡವಾಯಿತು.

ಓಡುವ ಮೀನು, ಕೂತ ಮೀನು

ಮಟ್ಟ ಗೊತ್ತಾದ ಮೇಲೆ ಭಾವನ ಎರಡನೇ ಪ್ರಶ್ನೆ. "ಮೀನು ಓಡಿಬಂದು ತಿನ್ನೋ ಹಾಗಿದೆಯಾ, ಬಾಯಿ ಹತ್ತಿರ ತಂದಿಟ್ಟರೆ ಮಾತ್ರ ತಿನ್ನೋ ಹಾಗಿದೆಯಾ?" ನನಗೆ ಗಾಳದ ಆಯ್ಕೆ ಪೂರ್ತಿ ತಿಳಿದಿದ್ದು ಈ ಪ್ರಶ್ನೆಯಿಂದಲೇ.

ಓಡಿಬರುವ ಹಸಿವಿದ್ದರೆ ಕ್ರ್ಯಾಂಕ್‌ಬೈಟ್. ಮುಂದೆ ಉದ್ದ ನಾಲಿಗೆಯಂಥ ಪಟ್ಟಿ ಇರುವ, ನಕಲಿ ಮೀನಿನಂಥ ದಪ್ಪ ಗಾಳ. ಎಳೆದಷ್ಟೂ ಆ ನಾಲಿಗೆ ನೀರನ್ನು ಒತ್ತಿ ಗಾಳವನ್ನು ಕೆಳಕ್ಕೆ ಇಳಿಸುತ್ತದೆ. ಡಬ್ಬಿಯ ಮೇಲೆ 20 ಅಡಿ ಅಂತ ಬರೆದಿರುತ್ತದೆ. ಆದರೆ ಉದ್ದಕ್ಕೆ ಎಸೆದರೆ ಮಾತ್ರ 20. ಹತ್ತಿರ ಎಸೆದರೆ ಅದು ಇಳಿಯುವುದರೊಳಗೆ ದೋಣಿ ಮುಟ್ಟಿರುತ್ತದೆ. ದಪ್ಪ ಲೈನ್ ಕಟ್ಟಿದರೂ ಅಷ್ಟು ಇಳಿಯುವುದಿಲ್ಲ, ಲೈನ್ ನೀರಿಗೆ ಕೊಡುವ ತಡೆ ಜಾಸ್ತಿ. ನಾವು 10 ಪೌಂಡ್ ಭಾರ ತಡೆಯುವ ತೆಳು ಲೈನ್ ಕಟ್ಟುತ್ತೇವೆ. ಇನ್ನೊಂದು ವಿಷಯ, ಗಾಳ ಎಲ್ಲಿಗಾದರೂ ತಾಗಬೇಕು. ಸುಮ್ನೆ ನೀರಿನಲ್ಲಿ ಈಜಿಕೊಂಡು ಬಂದರೆ ಮೀನು ನೋಡಿ ಸುಮ್ಮನಾಗುತ್ತದೆ. ಕಲ್ಲಿಗೋ ಕೊಂಬೆಗೋ ಬಡಿದು ಪಕ್ಕಕ್ಕೆ ಸಿಡಿದಾಗ ಥಟ್ಟನೆ ಕಚ್ಚುತ್ತದೆ. ನಮ್ಮ ಮನೆಯ ಬೆಕ್ಕು ಉರುಳುವ ದಾರದ ಉಂಡೆಗೆ ಹಾರಿದ ಹಾಗೆ.

ಕೆರೊಲೈನಾ ರಿಗ್ ಬೇರೆ. ಮುಕ್ಕಾಲು ಔನ್ಸಿನ ಸೀಸದ ಗುಂಡು ತಳದಲ್ಲಿ ಎಳೆದುಕೊಂಡು ಬರುತ್ತದೆ, ಅದರ ಹಿಂದೆ ಎರಡು ಮೊಳ ದೂರದಲ್ಲಿ ರಬ್ಬರ್ ಹುಳು ತೇಲುತ್ತಾ ಬರುತ್ತದೆ. ಇದರಲ್ಲಿ ಮೀನಿಗಿಂತ ಮೊದಲು ಸಿಗುವುದು ತಳದ ಸುದ್ದಿ. ಕೆಸರಾದರೆ ಗುಂಡು ಅಂಟಿಕೊಂಡು ಬರುತ್ತದೆ, ಜಲ್ಲಿಯಾದರೆ ಕೈಗೆ ಗರಗರ ಅನ್ನಿಸುತ್ತದೆ, ಕಲ್ಲಾದರೆ ಟಕ್ ಟಕ್. ಕುರುಡನ ಕೋಲಿನ ಹಾಗೆ ತಡವಿಕೊಂಡು ಹೋಗುವ ಗಾಳ. ಹೊಸ ಜಾಗಕ್ಕೆ ಹೋದರೆ ನಾನು ಮೊದಲು ಎತ್ತಿಕೊಳ್ಳುವುದು ಇದನ್ನೇ. ಫುಟ್‌ಬಾಲ್ ಜಿಗ್ ಕೂಡ ಅದೇ ಜಾತಿ, ಕಲ್ಲಿನ ಸಂದಿಯಲ್ಲಿ ಸಿಗಡಿಯ ಹಾಗೆ ಹೊರಳುತ್ತದೆ. ಸ್ಪೂನ್ ಅನ್ನುವ ಲೋಹದ ಗಾಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆರಿಂಗ್ ಅನ್ನುವ ಸಣ್ಣ ಮೀನಿನ ಹಿಂಡಿನ ಕೆಳಗೆ ಬಾಸ್ ಗುಂಪು ಕಂಡರೆ ಅದನ್ನು ಕೆಳಕ್ಕೆ ಬಿಡಿ, ಸಾಯುತ್ತಿರುವ ಮೀನಿನ ಹಾಗೆ ಮಿನುಗುತ್ತಾ ಬೀಳುತ್ತದೆ. ಬಹಳ ಸಲ ಬೀಳುವಾಗಲೇ ಕಚ್ಚುತ್ತದೆ.

ಕೂತ ಮೀನಿಗೆ ಡ್ರಾಪ್ ಶಾಟ್. ಇದರ ಬಗ್ಗೆ ಮಾತ್ರ ನಾನು ಸ್ವಲ್ಪ ಹೊತ್ತು ಮಾತಾಡಬೇಕು. ಲೈನಿನ ತುದಿಗೆ ಗುಂಡು, ಅದರ ಮೇಲೆ ಒಂದೂವರೆ ಗೇಣಿಗೆ ಸಣ್ಣ ಕೊಕ್ಕೆ, ಕೊಕ್ಕೆಯ ಮೂಗಿಗೆ ಬೆರಳುದ್ದದ ರಬ್ಬರ್ ಹುಳು. ಗುಂಡು ತಳದಲ್ಲಿ ಕೂತರೆ ಹುಳು ಎಲ್ಲಿಗೂ ಹೋಗದೆ ಅಲ್ಲೇ, ಅದೇ ಎತ್ತರದಲ್ಲಿ ನಡುಗುತ್ತಾ ನಿಲ್ಲುತ್ತದೆ. ಆ ಎತ್ತರವನ್ನು ಗಂಟು ಹಾಕುವಾಗಲೇ ಕೈಯಾರೆ ಗೊತ್ತುಮಾಡುತ್ತೇವೆ. ಜಪಾನಿನ ಗಾಳಗಾರರು ಇದನ್ನು ತೀಡಿ ತಿದ್ದಿದವರು. 1990ರ ದಶಕದ ಕೊನೆಗೆ ಅದು ಅಮೆರಿಕದ ಪಶ್ಚಿಮ ತೀರಕ್ಕೆ ಬಂತು, ಅಲ್ಲಿಂದ ಎಲ್ಲ ಕಡೆ ಹರಡಿತು. (ಬಾಸ್ ಮೇಲೆ ಜಪಾನಿನವರ ಪ್ರೀತಿ ಎಂಥದ್ದು ಅಂತ ಒಂದು ಮಾತು. 1932ರಲ್ಲಿ ಇದೇ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ಲಾರ್ಜ್‌ಮೌತ್ ಜಾತಿಯ ಬಾಸ್ ವಿಶ್ವದಾಖಲೆ. ಎಪ್ಪತ್ತೇಳು ವರ್ಷ ಯಾರೂ ಆ ದಾಖಲೆಯನ್ನು ಸರಿಗಟ್ಟಲಿಲ್ಲ. 2009ರಲ್ಲಿ ಬಿವಾ ಸರೋವರದಲ್ಲಿ ಮನಾಬು ಕುರಿತ ಹಿಡಿದ ಮೀನು ಅದಕ್ಕಿಂತ ಒಂದು ಔನ್ಸಿನಷ್ಟೂ ಹೆಚ್ಚಿರಲಿಲ್ಲ. ಅಷ್ಟು ಕಡಿಮೆ ಅಂತರವನ್ನು ಗೆಲುವು ಅಂತ ಲೆಕ್ಕ ಹಾಕುವುದಿಲ್ಲ. ಇವತ್ತಿಗೂ ಇಬ್ಬರ ಹೆಸರೂ ಸರಿಸಮ.)

ಡ್ರಾಪ್ ಶಾಟ್‌ನಲ್ಲಿ ನನ್ನ ಮೊದಲ ಮೀನು ನೆನಪಿದೆ. ಕೆರೆಯ ಕೆಳಭಾಗದಲ್ಲಿ ಮುಳುಗಿದ ಒಂದು ದಿಬ್ಬ, ಅದರ ಮೇಲೆ 24 ಅಡಿಯಲ್ಲಿ ಯಾರೋ ಮುಳುಗಿಸಿದ್ದ ಕೊಂಬೆಗಳ ರಾಶಿ. ಇಲ್ಲಿಯವರು ಕ್ರಿಸ್‌ಮಸ್ ಮುಗಿದ ಮೇಲೆ ಮರಗಳನ್ನು ಭಾರ ಕಟ್ಟಿ ಮುಳುಗಿಸುತ್ತಾರೆ, ಮೀನಿಗೆ ಮನೆ ಆಗಲಿ ಅಂತ. ಪರದೆಯಲ್ಲಿ ಕೊಂಬೆ ರಾಶಿಯ ಮೇಲೆ ನಾಲ್ಕು ಬಿಲ್ಲಿನಾಕಾರದ ಗುರುತು. ಗುಂಡು ಇಳಿಸಿದೆ. ನಾನು ಹಳೇ ಅಭ್ಯಾಸದಂತೆ ರಾಡನ್ನು ಮೇಲೆ ಕೆಳಗೆ ಎಗರಿಸುತ್ತಿದ್ದೆ. ಭಾವ ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು. "ಏನೂ ಮಾಡಬೇಡ. ಲೈನ್ ಬಿಗಿ ಇರಲಿ, ಸಾಕು. ನಿನ್ನ ಕೈ ನಡುಗುತ್ತಲ್ಲ, ಅಷ್ಟೇ ಜಾಸ್ತಿ." ಸುಮ್ಮನೆ ಹಿಡಿದುಕೊಂಡೆ. ದೋಣಿಯ ಪಕ್ಕಕ್ಕೆ ನೀರು ಚಪ್ಪರಿಸುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಒಂದೆರಡು ನಿಮಿಷ ಆಗಿರಬಹುದು. ಎಳೆತ ಬರಲಿಲ್ಲ, ಕುಕ್ಕು ಬರಲಿಲ್ಲ. ರಾಡಿನ ತುದಿ ಸ್ವಲ್ಪ ಭಾರವಾಯಿತು, ಒದ್ದೆ ಬಟ್ಟೆ ನೇತುಹಾಕಿದ ಹಾಗೆ. "ಸುತ್ತು" ಅಂದರು ಭಾವ, ಮೆಲ್ಲಗೆ. ಎರಡೂವರೆ ಪೌಂಡಿನ ಸ್ಪಾಟೆಡ್ ಬಾಸ್. ಹಸಿರು ಬೆನ್ನು, ಪಕ್ಕೆಯ ಮೇಲೆ ಕಪ್ಪು ಚುಕ್ಕೆಗಳ ಸಾಲು, ನಾಲಿಗೆಯ ಮೇಲೆ ಮರಳು ಕಾಗದದಂಥ ಒರಟು ಗುರುತು. ಬಿಟ್ಟ ಕೂಡಲೇ ಬಾಲ ಬಡಿದು ನೇರ ಕೆಳಕ್ಕೆ ಹೋಯಿತು.

ಕರೆಂಟು ಮತ್ತು ಹರಿವು

ಮೀನು ಓಡುತ್ತದೋ ಕೂತಿರುತ್ತದೋ ಅನ್ನುವುದನ್ನು ಯಾರು ತೀರ್ಮಾನ ಮಾಡುತ್ತಾರೆ ಅಂತ ನನಗೆ ಕಣ್ಣಾರೆ ಕಂಡಿದ್ದು ಅಲಬಾಮಾದ ಗಂಟರ್ಸ್‌ವಿಲ್‌ನಲ್ಲಿ. ಟೆನೆಸ್ಸಿ ನದಿಗೆ ಸಾಲಾಗಿ ಅಣೆಕಟ್ಟುಗಳಿವೆ. 1933ರಲ್ಲಿ ಶುರುವಾದ ಟೆನೆಸ್ಸಿ ವ್ಯಾಲಿ ಅಥಾರಿಟಿ ಅದನ್ನೆಲ್ಲ ನೋಡಿಕೊಳ್ಳುತ್ತದೆ. ಗಂಟರ್ಸ್‌ವಿಲ್ ಅಣೆಕಟ್ಟು ಮುಗಿದಿದ್ದು 1939ರಲ್ಲಿ. ಅಲ್ಲಿ ಹಳೆಯ ನದಿಯ ದಂಡೆ ಈಗ ನೀರಿನ ಅಡಿಯಲ್ಲಿ ಮೆಟ್ಟಿಲಿನ ಹಾಗೆ ಉಳಿದಿದೆ. ಆ ಮೆಟ್ಟಿಲಂಚಿನಲ್ಲಿ ಬೇಸಿಗೆಯ ಬಾಸ್ ಗುಂಪುಗೂಡುತ್ತದೆ.

ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ನಾವು ಅಂಥ ಒಂದು ಅಂಚಿನ ಮೇಲೆ ಕ್ರ್ಯಾಂಕ್‌ಬೈಟ್ ಎಸೆದೆವು. ಪರದೆ ತುಂಬ ಮೀನು. ಒಂದೂ ಕಚ್ಚಲಿಲ್ಲ. ಭುಜ ಬಿದ್ದುಹೋಗಿತ್ತು. ನಾನು ಗಾಳ ಬದಲಾಯಿಸೋಣ ಅಂದೆ, ಬಣ್ಣ ಬದಲಾಯಿಸೋಣ ಅಂದೆ. ಭಾವ ಫೋನಿನಲ್ಲಿ ಅಣೆಕಟ್ಟಿನಿಂದ ಯಾವಾಗ ನೀರು ಬಿಡುತ್ತಾರೆ ಅನ್ನುವ ವೇಳಾಪಟ್ಟಿ ನೋಡಿ, "ಊಟ ಮಾಡೋಣ ಬಾ" ಅಂದರು. ಅಕ್ಕ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ. ದಂಡೆಯ ನೆರಳಿನಲ್ಲಿ ಒಂದು ಗಂಟೆ ಮಲಗಿದೆವು. ಎರಡು ಗಂಟೆ ಹೊತ್ತಿಗೆ ನೀರಿನ ಮೇಲೆ ಗುರುತಿಗೆ ತೇಲಿಬಿಟ್ಟ ಬೊಯ್ ಒಂದು ನಿಧಾನ ವಾಲತೊಡಗಿತು. ಬಿಸಿಲು ಏರಿತ್ತು. ಊರೂರಿನಲ್ಲಿ ಎಸಿ ಓಡತೊಡಗಿದ್ದವು. ಕರೆಂಟು ಬೇಕು, ಹಾಗಾಗಿ ಟರ್ಬೈನ್ ತಿರುಗಿಸಿದರು, ಹಾಗಾಗಿ ನಿಂತ ನೀರು ನದಿಯಾಯಿತು. ನದಿಯಾದ ಕೂಡಲೇ ಸಣ್ಣ ಮೀನು ಹರಿವಿಗೆ ಸಿಕ್ಕಿ ಅಂಚಿನ ಮೇಲೆ ತೇಲಿ ಬಂದವು. ಚದುರಿದ್ದ ಬಾಸ್ ಎಲ್ಲ ಹರಿವಿಗೆ ಮುಖ ಮಾಡಿ ಸಾಲಾಗಿ ನಿಂತವು. ಅದೇ ಗಾಳ, ಅದೇ ಬಣ್ಣ, ಅದೇ ಜಾಗ. ಮುಂದಿನ ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಮೀನು. ಬೆಳಗಿನಿಂದ ನಾನು ದೂರುತ್ತಿದ್ದ ಗಾಳದಲ್ಲಿ ತಪ್ಪೇ ಇರಲಿಲ್ಲ.

ಲೇನಿಯರ್‌ನಲ್ಲಿ ಹರಿವಿನ ಆಟ ಇಷ್ಟಿಲ್ಲ. ಇಲ್ಲಿ ಬೇರೊಂದು ಅಚ್ಚರಿ ಇದೆ. ನೀರು ತಿಳಿ. 20 ಅಡಿಯ ಕೊಂಬೆ ರಾಶಿಯಲ್ಲಿ ಕೂತ ಮೀನಿಗೆ ಮೇಲಿನ ಆಕಾಶವೇ ಕಾಣುತ್ತದೆ. ಹೆರಿಂಗ್ ತಿಂದು ರೂಢಿಯಾದ ಸ್ಪಾಟೆಡ್ ಬಾಸ್ ಯಾವಾಗಲೂ ಮೇಲಕ್ಕೆ ನೋಡುತ್ತಿರುತ್ತದೆ. ಆಗಸ್ಟಿನ ಉರಿ ಬಿಸಿಲಿನಲ್ಲಿ, ಆಳದ ರಾಶಿಯ ನೇರ ಮೇಲೆ, ನೀರಿನ ಮೇಲ್ಗಡೆ ತೇಲುವ ಗಾಳವನ್ನು ಎಡಕ್ಕೆ ಬಲಕ್ಕೆ ಕುಣಿಸುತ್ತಾ ತಂದರೆ ಕೆಳಗಿನಿಂದ ಬಾಣದ ಹಾಗೆ ಬಂದು ಹೊಡೆಯುತ್ತದೆ. ಆಳದ ಮೀನಿಗೆ ಆಳದ ಗಾಳವೇ ಬೇಕು ಅಂತಿಲ್ಲ. ಇದನ್ನು ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ನೀರು ಒಡೆಯುವುದೇ ಕಾಣುತ್ತಿತ್ತು.

ಕೆಳಗೆ ಹೋಗದ ಮೀನುಗಳು

ಇಷ್ಟನ್ನು ಕಲಿತ ಮೇಲೆ ನಾನು ಒಂದು ತಪ್ಪು ಮಾಡಿದೆ. ಇದನ್ನು ಬರೆಯದೆ ಉಳಿದದ್ದನ್ನು ಮಾತ್ರ ಬರೆದರೆ ಸರಿಯಾಗುವುದಿಲ್ಲ.

ಜೂನ್ ಕೊನೆಯ ವಾರ. ಭಾವ ಊರಲ್ಲಿರಲಿಲ್ಲ. ಅವರ ದೋಣಿ ತೆಗೆದುಕೊಂಡು ಆಫೀಸಿನ ಗೆಳೆಯನ ಜೊತೆ ಹೋದೆ. ಬೇಸಿಗೆ ಇನ್ನೂ ಬಲಿತಿರಲಿಲ್ಲ, ಗೆರೆಯ ಕೆಳಗೂ ಉಸಿರಾಡುವಷ್ಟು ಆಮ್ಲಜನಕ ಇತ್ತು. ಲೇನಿಯರ್ ತುಂಬಿಸುವಾಗ ಆಳದ ಮರಗಳನ್ನು ಪೂರ್ತಿ ಕಡಿಯಲಿಲ್ಲ, ಈಗಲೂ ಅವು ನೀರೊಳಗೆ ನಿಂತಿವೆ. ಅಂಥ ಮರದ ತಲೆಯ ಪಕ್ಕ, 42 ಅಡಿಯಲ್ಲಿ ಮೀನು ಕಂಡವು. ಡ್ರಾಪ್ ಶಾಟ್ ಇಳಿಸಿದೆ. ಇಳಿಸಿದರೆ ಸಾಕು, ಕಚ್ಚುತ್ತಿತ್ತು. ಮೂರು ಪೌಂಡಿನದು ಬಂತು, ಫೋಟೊ ತೆಗೆದೆವು. ಗೆಳೆಯನಿಗೂ ಬಂತು, ಅವನ ಫೋಟೊ. ಐದು ಮೀನು ಹಿಡಿದೆವು, ಹಿಡಿದಿದ್ದನ್ನೆಲ್ಲ ದೋಣಿಯ ತೊಟ್ಟಿಯಲ್ಲಿ ಇಟ್ಟುಕೊಂಡೆವು, ಕೊನೆಗೆ ಒಟ್ಟಿಗೆ ಬಿಡೋಣ ಅಂತ.

ಬಿಟ್ಟಾಗ ಎರಡು ಹೋದವು. ಮೂರು ಹೋಗಲಿಲ್ಲ. ಮಗ್ಗುಲಾಗಿ ತೇಲಿದವು. ಹೊಟ್ಟೆ ಊದಿಕೊಂಡಿತ್ತು. ಒಂದರ ಕಣ್ಣು ಹೊರಕ್ಕೆ ಬಂದಿತ್ತು. ಬಾಲ ಬಡಿಯುತ್ತದೆ, ತಲೆ ಕೆಳಗೆ ಮಾಡುತ್ತದೆ, ಒಂದಡಿ ಇಳಿಯುತ್ತದೆ, ಮತ್ತೆ ಬೆಂಡಿನ ಹಾಗೆ ಮೇಲೆ ಬರುತ್ತದೆ. ನಾನು ಬಗ್ಗಿ ಒಂದನ್ನು ಎರಡೂ ಕೈಯಲ್ಲಿ ಹಿಡಿದು, ಮೊಳಕೈ ಮುಳುಗುವವರೆಗೆ ಒತ್ತಿ ಹಿಡಿದೆ. ಅದರ ಕಿವಿರು ನನ್ನ ಬೆರಳಿಗೆ ತಾಗಿ ತೆರೆದು ಮುಚ್ಚುತ್ತಿತ್ತು. ಕೈ ಬಿಟ್ಟೆ. ಮೇಲೆ ಬಂತು. ಮೋಟರ್ ದೋಣಿಯೊಂದು ದೂರದಲ್ಲಿ ಹಾದುಹೋಯಿತು, ಅದರ ಅಲೆ ಮೂರನ್ನೂ ದಂಡೆಯ ಕಡೆ ತಳ್ಳಿಕೊಂಡು ಹೋಯಿತು. ಗೆಳೆಯ ಏನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ.

ಆದದ್ದು ಇಷ್ಟು. ಬಾಸ್ ಹೊಟ್ಟೆಯಲ್ಲಿ ಗಾಳಿ ಚೀಲ ಇರುತ್ತದೆ. ನೀರಿನಲ್ಲಿ ತೇಲದೆ ಮುಳುಗದೆ ನಿಲ್ಲಲು ಅದೇ ಆಧಾರ. ಅದಕ್ಕೆ ಬಾಯಿಗೆ ಹೋಗುವ ದಾರಿ ಇಲ್ಲ, ಗಾಳಿಯನ್ನು ಥಟ್ಟನೆ ಹೊರಬಿಡಲು ಆಗುವುದಿಲ್ಲ. ರಕ್ತದ ಮೂಲಕ ನಿಧಾನಕ್ಕೆ ಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. 33 ಅಡಿ ಆಳದಲ್ಲಿ ಒತ್ತಡ ನೀರಿನ ಮೇಲಿನ ಎರಡರಷ್ಟು. ಅಲ್ಲಿಂದ ಮೀನನ್ನು ಅರ್ಧ ನಿಮಿಷದಲ್ಲಿ ಎಳೆದು ತಂದರೆ ಒಳಗಿನ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ನಾವು ತಂದಿದ್ದು 42 ಅಡಿಯಿಂದ. ಅದರ ಮೇಲೆ ಬಿಸಿನೀರು, ಅದರ ಮೇಲೆ ಫೋಟೊ. ತೊಟ್ಟಿಯಲ್ಲಿ ಇಟ್ಟಷ್ಟು ಹೊತ್ತೂ ಅವು ಊದಿಕೊಳ್ಳುತ್ತಲೇ ಇದ್ದವು. ನಾವು ಮೇಲಿನಿಂದ ನೋಡಿ ಚೆನ್ನಾಗಿವೆ ಅಂದುಕೊಂಡಿದ್ದೆವು.

ಭಾವನಿಗೆ ಆ ರಾತ್ರಿಯೇ ಫೋನ್ ಮಾಡಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅದೇ ಪ್ರಶ್ನೆ. "ಎಷ್ಟು ಅಡಿ?" ನಲವತ್ತೆರಡು ಅಂದೆ. "ನೋಟ್‌ಬುಕ್ಕಿನಲ್ಲಿ ಬರೆದಿಡು" ಅಂದರು. ಬರೆದಿಟ್ಟೆ. ಇವತ್ತಿಗೂ ಆ ಪುಟದಲ್ಲಿ ಮೂರು ಸೊನ್ನೆ ಸುತ್ತಿದ ಗುರುತು ಇದೆ.

ಅವರು ವಾಪಸ್ ಬಂದ ಮೇಲೆ ಒಂದು ಕ್ಲಿಪ್ಪು ತೋರಿಸಿದರು. ಮೀನಿನ ಕೆಳತುಟಿ ಹಿಡಿಯುವಂಥದ್ದು, ಅದಕ್ಕೆ ಅರ್ಧ ಕೆಜಿಯ ಗುಂಡು. ಊದಿದ ಮೀನಿನ ತುಟಿಗೆ ಸಿಕ್ಕಿಸಿ, ದಪ್ಪ ಲೈನಿನಲ್ಲಿ ಕೆಳಕ್ಕೆ ಇಳಿಸಬೇಕು. ಇಳಿದಷ್ಟೂ ಒತ್ತಡ ಏರಿ ಗಾಳಿ ಚೀಲ ಕುಗ್ಗುತ್ತದೆ. ಒಂದು ಆಳದಲ್ಲಿ ಮೀನಿಗೆ ಜೀವ ಬಂದ ಹಾಗಾಗಿ ತಲೆ ಒದರುತ್ತದೆ. ಆಗ ಲೈನ್ ಜಗ್ಗಿದರೆ ಕ್ಲಿಪ್ಪು ಬಿಟ್ಟುಕೊಳ್ಳುತ್ತದೆ. ಕೆಲವರು ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತೆಗೆಯುತ್ತಾರೆ. ಜಾಗ ಸರಿಯಾಗಿ ಗೊತ್ತಿದ್ದವರ ಕೈಯಲ್ಲಿ ಅದೂ ನಡೆಯುತ್ತದೆ. ನಾನು ಆ ಗೋಜಿಗೆ ಹೋಗಿಲ್ಲ. ಒಳಗೆ ಏನಿದೆ ಅಂತ ಕಾಣದ ಕಡೆ ಸೂಜಿ ಹಾಕಲು ನನ್ನ ಕೈ ಬರುವುದಿಲ್ಲ.

ಆ ಕ್ಲಿಪ್ಪನ್ನು ನಾನೇ ಇಳಿಸಿದ್ದು ಅದೇ ಆಗಸ್ಟಿನಲ್ಲಿ. 31 ಅಡಿಯ ಮೀನು, ಸ್ವಲ್ಪ ವಾಲುತ್ತಿತ್ತು. ಲೈನ್ ಬಿಡುತ್ತಾ ಹೋದೆ. ಹತ್ತು ಅಡಿ, ಹದಿನೈದು. ಬರೀ ಭಾರ, ಕಲ್ಲು ಕಟ್ಟಿ ಇಳಿಸಿದ ಹಾಗೆ. ಇಪ್ಪತ್ತರ ಹತ್ತಿರ ಒಂದು ಸಲ ಅಲುಗಿತು. ಇನ್ನೊಂದು ಸ್ವಲ್ಪ ಬಿಟ್ಟೆ. ಆಮೇಲೆ ಎರಡು ಸಲ, ಗಟ್ಟಿಯಾಗಿ. ಮೀನು ಕಚ್ಚಿದಾಗ ಕೈಗೆ ಬರುವ ಕುಕ್ಕು ಅದು, ಆದರೆ ಈ ಸಲ ಬಿಡಿಸಿಕೊಂಡು ಹೋಗುತ್ತಿರುವ ಕುಕ್ಕು. ಜಗ್ಗಿದೆ. ಲೈನ್ ಹಗುರವಾಯಿತು. ದೋಣಿಯ ಸುತ್ತ ಹತ್ತು ನಿಮಿಷ ಕಾದೆವು. ಏನೂ ಮೇಲೆ ಬರಲಿಲ್ಲ.

ಅಕ್ಕನ ಹುಣಸೆಹಣ್ಣು

ಈಗ ಫೋನಿನಲ್ಲಿ ಕೇಳುವ ಹುಡುಗರಿಗೆ ನಾನು ಹೇಳುವುದು ಹೀಗೆ. ಮೊದಲು ಗೆರೆ ನೋಡು. ಆಮೇಲೆ ಮೀನು ಗೆರೆಯಿಂದ ಎಷ್ಟು ಮೇಲಿದೆ ನೋಡು. ಆಮೇಲೆ ಅದರ ಹಸಿವು ನೋಡು. ಇಷ್ಟು ನೋಡುವುದರೊಳಗೆ ಗಾಳ ತಾನೇ ಗೊತ್ತಾಗಿರುತ್ತದೆ. ಅದಕ್ಕೂ ಮೊದಲು ಇನ್ನೊಂದು ಕೇಳುತ್ತೇನೆ. ಇವತ್ತು ಬಿಡುವ ಮೀನೋ, ತಿನ್ನುವ ಮೀನೋ? ಇದು ಮನೆಯಲ್ಲೇ ತೀರ್ಮಾನ ಆಗಬೇಕು, ದೋಣಿಯಲ್ಲಲ್ಲ. ನಾವು ಬಿಡುವ ದಿನ 30 ಅಡಿಗಿಂತ ಕೆಳಗಿನ ಮೀನಿಗೆ ಗಾಳ ಇಳಿಸುವುದಿಲ್ಲ. ಅಲ್ಲಿಗಿಂತ ಮೇಲೆ ಇದ್ದದ್ದೂ ಊದಿದ್ದರೆ ಕ್ಲಿಪ್ಪು ಇದ್ದೇ ಇರುತ್ತದೆ. 31 ಅಡಿಯ ಆ ಮೀನು ಸಿಕ್ಕಿದ್ದು ಈ ಲೆಕ್ಕ ಗಟ್ಟಿಯಾಗುವ ಮುಂಚೆ. ಆಳಕ್ಕೆ ಇಳಿಸಲೇಬೇಕು ಅನ್ನಿಸಿದ ದಿನ ಎರಡು ಮೀನು, ಎರಡೂ ಮನೆಗೆ, ಅಲ್ಲಿಗೆ ಗಾಳ ಒಳಗೆ. ಪರದೆಯಲ್ಲಿ ಇನ್ನೂ ಇಪ್ಪತ್ತು ಕಾಣುತ್ತಿದ್ದರೂ ಅಷ್ಟೇ. ಈ ಕೊನೆಯ ಮಾತು ಪಾಲಿಸುವುದು ನನಗೆ ಇವತ್ತಿಗೂ ಕಷ್ಟ. ಈಗ ಎದುರಿಗಿನ ಮೀನನ್ನೂ ಅದರತ್ತ ಇಳಿಯುವ ಗಾಳವನ್ನೂ ಸಿನಿಮಾದ ಹಾಗೆ ತೋರಿಸುವ ಲೈವ್‌ಸ್ಕೋಪ್‌ನಂಥ ಸೋನಾರ್‌ಗಳು ಬಂದಿವೆ. ಭಾವನ ದೋಣಿಗೂ ಹೋದ ವರ್ಷ ಒಂದು ಬಂತು. ಅದರಲ್ಲಿ 45 ಅಡಿಯ ದೊಡ್ಡ ಮೀನು ತಿರುಗಿ ನೋಡುವುದೂ ಕಾಣುತ್ತದೆ. ಆಗ ರಾಡ್ ಕೆಳಗಿಡಬೇಕು ಅಂದರೆ ಹಲ್ಲು ಕಚ್ಚಬೇಕು.

ಹೋದ ಭಾನುವಾರ ಹನ್ನೊಂದು ಗಂಟೆಗೆ ದೋಣಿ ಕಟ್ಟುತ್ತಿದ್ದೆವು. ಅಕ್ಕನ ಫೋನ್ ಬಂತು. ಅಕ್ಕನಿಗೆ ಗಾಳದ ಹೆಸರು ಯಾವುದೂ ಗೊತ್ತಿಲ್ಲ, ಆದರೆ ನಮ್ಮ ಲೆಕ್ಕ ಪೂರ್ತಿ ಗೊತ್ತು.

"ಎಷ್ಟು ಅಡೀದು ಕಣೋ ಇವತ್ತು? ಹುಣಸೆಹಣ್ಣು ನೆನೆಸಲಾ, ಬೇಡ್ವಾ?"

ಭಾವನ ಮುಖ ನೋಡಿದೆ. ಅವರು ನೋಟ್‌ಬುಕ್ ತಿರುಗಿಸಿ ತೋರಿಸಿದರು. ಆರು ಮೀನು, ಎಲ್ಲಾ ಇಪ್ಪತ್ತೆರಡು ಅಡಿ.

"ಇಪ್ಪತ್ತೆರಡು ಅಕ್ಕ" ಅಂದೆ.

"ಹಂಗಾದ್ರೆ ಸೊಪ್ಪಿನ ಸಾರು ಮಾಡ್ತೀನಿ. ಬರ್ತಾ ಕೊತ್ತಂಬರಿ ತಗೊಂಡು ಬನ್ನಿ" ಅಂದಳು.